ರಾಗಿ ಪಾರ್ಕಿನಲ್ಲಿ ಒಂದು ಡೈನೋಸಾರು

ದಸರಾ ರಜೆ ಹತ್ತಿರ ಬಂತು ಅಂದರೆ ನನಗೆ ಒಳಗೊಳಗೇ ಸಣ್ಣ ಭಯ. ಎರಡು ವಾರಕ್ಕೂ ಜಾಸ್ತಿ ದಿನ ಮಕ್ಕಳಿಬ್ಬರೂ ಮನೆಯಲ್ಲೇ. ದೊಡ್ಡವನಿಗೆ 9, ಚಿಕ್ಕವಳಿಗೆ 5. ಅವನು ಏನು ಮಾಡಿದರೂ ಅವಳಿಗೆ ಅದೇ ಬೇಕು, ಅವಳು ಮುಟ್ಟಿದ್ದು ಅವನಿಗೆ ಬೇಡ. ರಜೆಯ ಮೊದಲ ದಿನ ಬೆಳಿಗ್ಗೆ 11 ಗಂಟೆಯೊಳಗೆ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಬಂದು ಅಡುಗೆಮನೆ ಬಾಗಿಲಿಗೆ ಒರಗಿ "ಅಮ್ಮಾ, ಬೋರು" ಅಂತಾರೆ.

ಎರಡು ವರ್ಷದ ಹಿಂದೆ ನಾನೂ ಎಲ್ಲರ ಹಾಗೆ ಆನ್‌ಲೈನಿನಲ್ಲಿ ಒಂದು ಕ್ರಾಫ್ಟ್ ಕಿಟ್ ತರಿಸಿದ್ದೆ. 600 ರೂಪಾಯಿ. ಡಬ್ಬಿಯ ಮೇಲೆ ಚಂದದ ಗೂಬೆ. ಅಂಟಿಸಿ ಮುಗಿಸೋದಕ್ಕೆ 20 ನಿಮಿಷ ಆಯಿತು, ಆಮೇಲೆ ಆ ಗೂಬೆ ಸೋಫಾ ಕೆಳಗೆ ಸೇರಿತು, ಮತ್ತೆ ಕೈಗೆ ಸಿಕ್ಕಿದ್ದು ಸಂಕ್ರಾಂತಿಗೆ ಮನೆ ಸಾರಿಸುವಾಗ. ಮಕ್ಕಳ ತಪ್ಪೇನಿಲ್ಲ. ಆ ಗೂಬೆ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ. ಮಾಡಿ ಮುಗಿಸಿದ ಮೇಲೆ ಅದನ್ನು ಎಲ್ಲಿಡಬೇಕು ಅಂತ ನನಗೇ ಗೊತ್ತಿರಲಿಲ್ಲ. ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿರೋದು ಒಂದೇ. ಮಕ್ಕಳ ಕೈಗೆ ಕೊಡುವ ಕೆಲಸ ಮನೆಗೆ ನಿಜವಾಗಿ ಬೇಕಾದ ಕೆಲಸವಾಗಿರಬೇಕು. ಸುಮ್ನೆ ಹೊತ್ತು ಕಳೆಯೋದಕ್ಕೆ ಕೊಟ್ಟಿದ್ದು ಅಂತ ಅವರಿಗೆ ಬೇಗ ಗೊತ್ತಾಗಿಬಿಡುತ್ತದೆ.

ಗೊಂಬೆ ಕೂರಿಸುವ ಮನೆಯಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ.

ನಮ್ಮದು ಮೈಸೂರು. ಅತ್ತೆಯ ಮದುವೆಯಲ್ಲಿ ಅವರ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ, ಇವತ್ತಿಗೂ ನವರಾತ್ರಿಯ ಮೊದಲ ದಿನ ಮೇಲಿನ ಮೆಟ್ಟಿಲ ಮೇಲೆ ಕೂರುತ್ತವೆ. ಮೆಟ್ಟಿಲು ಬೆಸಸಂಖ್ಯೆಯಲ್ಲೇ ಇರಬೇಕು, ನಮ್ಮದು 7. ರಾಜ ರಾಣಿ ಕೆಳಗೆ ದೇವರುಗಳು, ಅದರ ಕೆಳಗೆ ಚನ್ನಪಟ್ಟಣದ ಗೊಂಬೆಗಳು, ಅರಗಿನ ಬಣ್ಣದ್ದು, ಐವತ್ತು ವರ್ಷವಾದರೂ ಹೊಳಪು ಹೋಗಿಲ್ಲ. ಶೆಟ್ಟಿ ಮತ್ತು ಶೆಟ್ಟಿ ಹೆಂಡತಿ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ, ಮುಂದೆ ಅಕ್ಕಿ ಬೇಳೆ. ಅತ್ತೆಗೆ ಎಲ್ಲಿ ಏನಿರಬೇಕು ಅನ್ನೋದು ಬಾಯಿಪಾಠ. ಒಂದು ಗೊಂಬೆ ಎರಡು ಇಂಚು ಸರಿದರೂ ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಹೋದ ವರ್ಷ, 2025ರಲ್ಲಿ, ನಾನು ಒಂದು ಒಪ್ಪಂದ ಮಾಡಿಸಿದೆ. ಮೇಲಿನ ಐದು ಮೆಟ್ಟಿಲು ಅಜ್ಜಿಯದು. ಕೆಳಗಿನ ಎರಡು ಮೆಟ್ಟಿಲು ಮತ್ತು ಅದರ ಮುಂದಿನ ನೆಲ ಮಕ್ಕಳದು. ಅಲ್ಲಿ ಅವರು ಮಾಡಿಟ್ಟದ್ದನ್ನು ದೊಡ್ಡವರು ಯಾರೂ ಸರಿ ಮಾಡುವ ಹಾಗಿಲ್ಲ. ಅತ್ತೆ "ಹೂಂ" ಅಂದರು. ಅವರ "ಹೂಂ"ಗೆ ನಾಲ್ಕೈದು ಅರ್ಥಗಳಿವೆ, ಇದು ಯಾವುದು ಅಂತ ಆಗ ನನಗೆ ಗೊತ್ತಾಗಲಿಲ್ಲ.

ಮೊದಲು ಪಾರ್ಕು. ಗೊಂಬೆಗಳ ಮುಂದೆ ಹಸಿರು ಪಾರ್ಕು ಇರಬೇಕು ಅನ್ನೋದು ನಮ್ಮ ಕಡೆ ಹಳೇ ಅಭ್ಯಾಸ. ಒಂದು ಅಗಲವಾದ ತಟ್ಟೆಯಲ್ಲಿ ಒಂದಿಂಚು ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿ, ರಾತ್ರಿ ನೆನೆಸಿದ ರಾಗಿಯನ್ನು ಅದರ ಮೇಲೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ಮೊಳಕೆ ಬರೋವರೆಗೆ ಒದ್ದೆ ಬಟ್ಟೆ ಮುಚ್ಚಿಡುವುದು. ನಾಲ್ಕೈದು ದಿನಕ್ಕೆ ಹಸಿರು ಕಾಣುತ್ತದೆ, ವಾರ ಕಳೆದರೆ ಅಚ್ಚುಕಟ್ಟಾದ ಹುಲ್ಲುಹಾಸು. ಸಾಸಿವೆ ಇನ್ನೂ ಬೇಗ, ಎರಡು ಮೂರು ದಿನಕ್ಕೇ ತಲೆ ಎತ್ತುತ್ತದೆ. ಮೆಂತ್ಯ ಸ್ವಲ್ಪ ದಪ್ಪ ಎಲೆ, ಗೊಂಬೆಗಳ ಅಳತೆಗೆ ಅದು ಪೊದೆಯ ಹಾಗೆ ಕಾಣುತ್ತದೆ. ರಾಗಿಯೇ ನಿಜವಾದ ಲಾನು.

ನಾವು ಹಬ್ಬಕ್ಕೆ ಒಂದು ವಾರ ಮುಂಚೆಯೇ ಹಾಕಿದೆವು. ಎರಡನೇ ದಿನ ಚಿಕ್ಕವಳು "ಗಿಡಕ್ಕೆ ಬಾಯಾರಿಕೆ" ಅಂತ ಒಂದು ಚೊಂಬು ನೀರು ಒಂದೇ ಸಲಕ್ಕೆ ಸುರಿದಳು. ಅಷ್ಟೂ ರಾಗಿ ತೇಲಿಕೊಂಡು ಹೋಗಿ ತಟ್ಟೆಯ ಒಂದು ಮೂಲೆಯಲ್ಲಿ ಗುಡ್ಡೆಯಾಯಿತು. ಗುಡ್ಡೆಗೆ ಮೂರು ದಿನದಲ್ಲಿ ಬೂಸ್ಟು. ಮತ್ತೆ ಹೊಸದಾಗಿ ಹಾಕುವ ಹೊತ್ತಿಗೆ ಸೆಪ್ಟೆಂಬರ್ 20. ಗೊಂಬೆ ಕೂರಿಸೋದು 22ಕ್ಕೆ. ಈ ಸಲ ಹಳೇ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿ ಕಾಯಿಸಿ ಆರೇಳು ತೂತು ಮಾಡಿಕೊಟ್ಟೆ, ಅದರಲ್ಲಿ ಎಷ್ಟು ಒತ್ತಿದರೂ ಹನಿ ಹನಿಯೇ ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಮೊದಲೇ ಮಾಡಿಕೊಳ್ಳಿ.

22ರ ಸಂಜೆ ಗೊಂಬೆ ನೋಡಲು ಜನ ಬಂದಾಗ ನಮ್ಮ ಪಾರ್ಕಿನಲ್ಲಿ ಬರೀ ಮಣ್ಣು. ನನಗೆ ನಾಚಿಕೆ. ದೊಡ್ಡವನಿಗೆ ಏನೂ ಇಲ್ಲ. ಐಸ್‌ಕ್ರೀಮ್ ಕಡ್ಡಿಗೆ ರಟ್ಟು ಅಂಟಿಸಿ "ಪಾರ್ಕ್ ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ" ಅಂತ ಬೋರ್ಡು ಬರೆದು ಮಣ್ಣಿಗೆ ಚುಚ್ಚಿದ. ಪಕ್ಕದಲ್ಲಿ ಒಂದು ಆಟದ ಜೆಸಿಬಿ ನಿಲ್ಲಿಸಿದ. ಆವತ್ತು ಬಂದವರೆಲ್ಲ ರಾಜ ರಾಣಿಗಿಂತ ಆ ಬೋರ್ಡಿನ ಫೋಟೋ ತೆಗೆದುಕೊಂಡಿದ್ದೇ ಜಾಸ್ತಿ.

ಇನ್ನು ಚಾಮುಂಡಿ ಬೆಟ್ಟ. ಇದು ದೊಡ್ಡವನ ಕನಸು. ಒಂದು ರಟ್ಟಿನ ಡಬ್ಬ ಬೋರಲು ಹಾಕಿ, ಅದರ ಮೇಲೆ ಹಳೇ ಪೇಪರು ಮುದುಡಿ ಮುದುಡಿ ಇಟ್ಟು ಟೇಪು ಸುತ್ತಿ ಬೆಟ್ಟದ ಆಕಾರಕ್ಕೆ ತರುವುದು. ಮೇಲೆ ಅಂಟಿನಲ್ಲಿ ಅದ್ದಿದ ಪೇಪರಿನ ಪಟ್ಟಿಗಳು, ಮೂರು ಪದರ. ಅಂಟು ಮನೆಯದೇ. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಹಾಕಿ ಕೈಯಾಡಿಸಿದರೆ ಗಂಜಿ ಹಾಗೆ ಆಗುತ್ತದೆ. ನಮ್ಮಜ್ಜ ಪುಸ್ತಕಕ್ಕೆ ಬೈಂಡು ಹಾಕುವಾಗ ಹುಳ ಬರಬಾರದು ಅಂತ ಈ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗದೇ ಇರೋದಿಲ್ಲ, ಆ ಸಾಹಸ ಬೇಡವೇ ಬೇಡ. ನಾನು ಎರಡು ಚಮಚ ಉಪ್ಪು ಹಾಕಿದೆ. ಒಂದು ಪದರ ಒಣಗಿದ ಮೇಲೇ ಇನ್ನೊಂದು ಹಾಕಬೇಕು. ನಮಗೆ ಆ ತಾಳ್ಮೆ ಇರಲಿಲ್ಲ. ಮೂರನ್ನೂ ಒಂದೇ ದಿನ ಹಾಕಿದೆವು, ಆ ವಾರ ಮಳೆ ಬೇರೆ, ಒಳಗಿನ ಪದರ ಮುಗ್ಗಲು ವಾಸನೆ ಹೊಡೆಯೋಕೆ ಶುರುವಾಯಿತು. ಫ್ಯಾನಿನ ಕೆಳಗೆ ಒಂದು ರಾತ್ರಿ ಪೂರ್ತಿ ಬೆಟ್ಟವನ್ನು ಮಲಗಿಸಿದೆವು. ನಾವು ಸೆಖೆಯಲ್ಲಿ ಒದ್ದಾಡಿದೆವು.

ಬಣ್ಣ ಬಳಿದ ಮೇಲೆ ಮೆಟ್ಟಿಲು. ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು, 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ನಾವು ಬೀಸಣಿಗೆ ಮಾಡುವ ಹಾಗೆ ದಪ್ಪ ಕಾಗದದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ ಅಂಟಿಸಿದೆವು. 43 ಮೆಟ್ಟಿಲು ಬಂತು. "ಉಳಿದಿದ್ದು ಬೆಟ್ಟದ ಹಿಂದಗಡೆ ಇದೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ಅರ್ಧ ದಾಟಿದ ಮೇಲೆ ಸಿಗುವ ನಂದಿಯೂ ಅದೇ ಒಡೆಯರು ಮಾಡಿಸಿದ್ದು. ಸುಮಾರು 15 ಅಡಿ ಎತ್ತರದ ಏಕಶಿಲೆ. ನಮ್ಮ ನಂದಿ ಉಪ್ಪು ಹಿಟ್ಟಿನದು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು, ನೀರು ಸ್ವಲ್ಪ ಸ್ವಲ್ಪವೇ. ಬಿಸಿಲು ಇದ್ದರೆ ಮೂರು ದಿನಕ್ಕೆ ಕಲ್ಲಿನ ಹಾಗೆ ಗಟ್ಟಿ. ಬಿಸಿಲಿಲ್ಲದಿದ್ದರೆ ನಂದಿ ಬೆವರುತ್ತದೆ. ನಮ್ಮದು ಬೆವರಿತು. ಕಾಲು ಚಾಚಿ, ಕೊಂಬು ಜೋತುಬಿದ್ದು, ನೋಡೋದಕ್ಕೆ ನಮ್ಮ ಬೀದಿಯ ಕೊನೆಯಲ್ಲಿ ಮಲಗುವ ಕರಿ ನಾಯಿಯ ಹಾಗೇ ಇತ್ತು. ಕೊಂಬು ಸ್ವಲ್ಪ ಮೇಲೆ ಎತ್ತಿ ಬಿಡೋಣ ಅಂತ ನನ್ನ ಕೈ ತುರಿಸಿದ್ದು ಸುಳ್ಳಲ್ಲ. ಒಪ್ಪಂದ ಮಾಡಿಸಿದವಳು ನಾನೇ, ಸುಮ್ಮನಾದೆ.

ಬೆಟ್ಟದ ಮೇಲಿನ ಮಹಿಷಾಸುರ ಬೇಕು ಅಂತ ಹಟ ಹಿಡಿದದ್ದು ಚಿಕ್ಕವಳು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಅವಳು ಮೊದಲು ಹಾವು ಮಾಡಿದಳು, ಅದು ಸುಲಭ. ಆಮೇಲೆ ಇನ್ನೊಂದು ಹಾವು. ಒಟ್ಟು ಒಂಬತ್ತು ಹಾವು ಆಯಿತು, ಮಹಿಷಾಸುರ ಕೊನೆವರೆಗೂ ಬರಲೇ ಇಲ್ಲ.

ಜಂಬೂ ಸವಾರಿ ಮಾಡೋದು ಎಲ್ಲಕ್ಕಿಂತ ಸಲೀಸು, ಐದು ವರ್ಷದವರೂ ಮಾಡಬಹುದು. ಖಾಲಿ ಬೆಂಕಿಪೊಟ್ಟಣಕ್ಕೆ ಬೂದು ಬಣ್ಣದ ಕಾಗದ ಸುತ್ತಿ, ಪೇಪರಿನ ತೆಳ್ಳಗಿನ ಪಟ್ಟಿಯನ್ನು ಪೆನ್ಸಿಲ್ಲಿಗೆ ಸುತ್ತಿ ಬಿಟ್ಟರೆ ಸೊಂಡಿಲು ತಾನಾಗಿ ಸುರುಳಿಯಾಗುತ್ತದೆ. ಕಾಲಿಗೆ ಬೆಂಡೇಕಾಯಿ ತೊಟ್ಟು ಇಟ್ಟು ನೋಡಿದೆವು, ಮರುದಿನ ಒಣಗಿ ಆನೆ ಕುಂಟಿತು, ಆಮೇಲೆ ಕತ್ತರಿಸಿದ ಸ್ಟ್ರಾ ಹಾಕಿದೆವು. ಅಂಬಾರಿಗೆ ಸಿಹಿ ಡಬ್ಬಿಯ ಒಳಗಿರುವ ಚಿನ್ನದ ಬಣ್ಣದ ರಟ್ಟು. ಅದನ್ನು ನಾನು ಗಣೇಶನ ಹಬ್ಬದಿಂದಲೇ ಎತ್ತಿಟ್ಟಿರುತ್ತೇನೆ, ಎಸೆಯೋದಿಲ್ಲ. ಮುಂದೆ ಬಾವುಟ ಹೊತ್ತ ನಿಶಾನೆ ಆನೆ, ಅದರ ಹಿಂದೆ ನಗಾರಿಯ ನೌಫತ್ ಆನೆ, ಅಂಬಾರಿ ಆನೆಯ ಎರಡೂ ಕಡೆ ಜೊತೆಗೆ ನಡೆಯುವ ಕುಮ್ಕಿ ಆನೆಗಳು. ಮೈಸೂರಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿನಿಮಾ ನಟರ ಹೆಸರು ಮರೆತರೂ ಆನೆಗಳ ಹೆಸರು ಮರೆಯೋದಿಲ್ಲ. 2020ರಿಂದ ಅಂಬಾರಿ ಹೊರುತ್ತಿರುವುದು ಅಭಿಮನ್ಯು, ಅದಕ್ಕೆ ಮುಂಚೆ ಅರ್ಜುನ, ಅವನಿಗೂ ಮುಂಚೆ ಬಲರಾಮ. ನಮ್ಮ ಬೆಂಕಿಪೊಟ್ಟಣದ ಆನೆಯೂ ಅಭಿಮನ್ಯುವೇ. "ಅಮ್ಮಾ, ನಿಜವಾದ ಅಂಬಾರಿ 750 ಕೆಜಿ ಅಂತೆ, ಎಷ್ಟಾಗುತ್ತೆ ಅದು?" ಅಂತ ಕೇಳಿದ. ನಮ್ಮ ಮನೆಗೆ ತರುವ 25 ಕೆಜಿಯ ಅಕ್ಕಿ ಮೂಟೆ ತೋರಿಸಿ "ಇಂಥದ್ದು 30" ಅಂದೆ. ಅವನು ಆ ಮೂಟೆಯನ್ನು ಅಲ್ಲಾಡಿಸಲು ನೋಡಿದ, ಆಗಲಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ತನ್ನ ಅಭಿಮನ್ಯುವಿನ ಕಾಲಿಗೆ ಎರಡು ಸುತ್ತು ಟೇಪು ಜಾಸ್ತಿ ಹಾಕಿದ.

ತಿಂಡಿಗೆ ಬರೋಣ. ಗೊಂಬೆ ಕೂರಿಸಿದ ಮನೆಯಲ್ಲಿ ಸಂಜೆಯಾದರೆ ಬೀದಿ ಮಕ್ಕಳು ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಅಂತ ಕೇಳುತ್ತಾರೆ. ಬಂದವರಿಗೆ ಬೊಂಬೆ ಬಾಗಿನ ಕೊಡಲೇಬೇಕು. ನಾವು ಚಿಕ್ಕವರಿದ್ದಾಗ ಪೇಪರಿನ ಪೊಟ್ಟಣದಲ್ಲಿ ಚಕ್ಕುಲಿ ಚೂರು, ಕೊಬ್ಬರಿ ಮಿಠಾಯಿ, ಒಂದು ಹಿಡಿ ಉಸಲಿ ಸಿಗುತ್ತಿತ್ತು, ಯಾರ ಮನೆಯಲ್ಲಿ ಏನು ಅಂತ ನಮಗೆ ಮೊದಲೇ ಸುದ್ದಿ ಇರುತ್ತಿತ್ತು. ಈಗ ಎಲ್ಲ ಕಡೆ ಚಾಕೊಲೇಟು. ಅದರಲ್ಲಿ ತಪ್ಪಿಲ್ಲ, ಆದರೆ ಚಾಕೊಲೇಟು ಕೊಡುವಾಗ ನನ್ನ ಮಕ್ಕಳು ಬಾಗಿಲಿಗೂ ಬರುತ್ತಿರಲಿಲ್ಲ. ತಾವೇ ಉಂಡೆ ಕಟ್ಟಿದ ಮೇಲೆ ಬಾಗಿಲು ಬಿಟ್ಟು ಕದಲಲಿಲ್ಲ.

ಮಕ್ಕಳ ಕೈಗೆ ಒಗ್ಗುವುದು ಹುರಿಗಡಲೆ ಉಂಡೆ. ಪಾಕ ಇಲ್ಲ, ಒಲೆ ಮುಂದೆ ನಿಲ್ಲಬೇಕಾಗಿಲ್ಲ, ಕೆಟ್ಟರೂ ತಿನ್ನಬಹುದು. ಎರಡು ಲೋಟ ಹುರಿಗಡಲೆ, ಒಂದು ಲೋಟ ಸಕ್ಕರೆ, ನಾಲ್ಕು ಏಲಕ್ಕಿ. ಹುರಿಗಡಲೆಯನ್ನು ಬೇರೆ, ಸಕ್ಕರೆ ಏಲಕ್ಕಿಯನ್ನು ಬೇರೆ ಪುಡಿ ಮಾಡಿಕೊಳ್ಳಿ. ಮಿಕ್ಸಿ ನಮ್ಮ ಕೆಲಸ. ಜರಡಿ ಹಿಡಿಯೋದು ಅವರ ಕೆಲಸ, ಮತ್ತು ನಂಬಿ, ಇಡೀ ಅಡುಗೆಯಲ್ಲಿ ಮಕ್ಕಳಿಗೆ ಇದಕ್ಕಿಂತ ಇಷ್ಟವಾದ ಭಾಗ ಇನ್ನೊಂದಿಲ್ಲ, ನೆಲದ ಮೇಲೆ ಹಳೇ ಸೀರೆ ಹಾಸಿ ಕೂರಿಸಿದರೆ ಅರ್ಧ ಗಂಟೆ ಮನೆ ನಿಶ್ಶಬ್ದ. ಅರ್ಧ ಲೋಟ ತುಪ್ಪ ಬಿಸಿ ಮಾಡಿ ಸ್ವಲ್ಪ ಸ್ವಲ್ಪ ಹಾಕಿ ಚಮಚದಲ್ಲಿ ಕಲಸಿ, ಇದು ನಾವೇ ಮಾಡಬೇಕು, ತುಪ್ಪ ಸುಡುತ್ತದೆ. ಬೆಚ್ಚಗಿರುವಾಗಲೇ ಉಂಡೆ ಕಟ್ಟಲು ಕೊಡಿ. ಉಂಡೆ ಬಿರಿದರೆ ಇನ್ನೊಂದು ಚಮಚ ತುಪ್ಪ. ಬೇರೆ ಗುಟ್ಟು ಏನೂ ಇಲ್ಲ. ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಸುಮಾರು 20 ಆಗುತ್ತದೆ.

ನಮ್ಮಲ್ಲಿ 31 ಆಯಿತು. ಒಂದು ಗೋಲಿಯಷ್ಟು, ಒಂದು ಕ್ರಿಕೆಟ್ ಬಾಲಿನಷ್ಟು. ದೊಡ್ಡವನದು ದೊಡ್ಡ ದೊಡ್ಡದು, ಚಿಕ್ಕವಳದು ಬಟಾಣಿ. ಮೊದಲ ದಿನ ಬಂದ ಏಳು ಮಕ್ಕಳಲ್ಲಿ ಗೋಲಿ ಸಿಕ್ಕವನು ಅಳುಮುಖ ಮಾಡಿದ. ಎಲ್ಲವನ್ನೂ ಕುಟ್ಟಿ ಮತ್ತೆ ಒಂದೇ ಅಳತೆಗೆ ಕಟ್ಟಿಬಿಡೋಣ ಅಂತ ನನಗೆ ಅನ್ನಿಸಿತು. ಅಷ್ಟರಲ್ಲಿ ದೊಡ್ಡವನು ಚೀಟಿ ಎತ್ತುವ ಪದ್ಧತಿ ತಂದ. ಚೀಟಿಯಲ್ಲಿ "ಆನೆ" ಬಂದರೆ ದೊಡ್ಡದು, "ಇಲಿ" ಬಂದರೆ ಗೋಲಿ, ಆದರೆ ಇಲಿಯವರಿಗೆ ಎರಡು. ಮರುದಿನ ಬೀದಿಯ ಆ ಕೊನೆಯಿಂದಲೂ ಮಕ್ಕಳು ಬಂದರು, ಗೊಂಬೆ ನೋಡೋದಕ್ಕಲ್ಲ, ಚೀಟಿಗೆ. ಮೂರನೇ ದಿನ ಮತ್ತೆ ಎರಡು ಲೋಟ ಹುರಿಗಡಲೆ ಬೇಕಾಯಿತು ನನಗೆ, ತುಪ್ಪದ ಡಬ್ಬಿಯ ತಳ ಕಂಡಿತು.

ಇನ್ನೊಂದು ಸುಲಭದ್ದು ಚುರುಮುರಿ. ಪುರಿ, ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಈರುಳ್ಳಿ ಟೊಮ್ಯಾಟೊ, ಕೊತ್ತಂಬರಿ, ಹುರಿದ ಕಡಲೆಕಾಯಿ ಬೀಜ, ಸ್ವಲ್ಪ ಖಾರದ ಪುಡಿ, ಉಪ್ಪು, ಒಂದು ಚಮಚ ಎಣ್ಣೆ, ಮೇಲೆ ನಿಂಬೆಹಣ್ಣು. ಕ್ಯಾರೆಟ್ ತುರಿಯೋದು ದೊಡ್ಡವನು, ನಿಂಬೆಹಣ್ಣು ಹಿಂಡೋದು ಚಿಕ್ಕವಳು, ಬೀಜ ತೆಗೆಯೋದು ನಾನು. ಬಂದವರು ಕೂತ ಮೇಲೇ ಕಲಸಬೇಕು, ಮುಂಚೆ ಕಲಸಿಟ್ಟರೆ ಪುರಿ ಮೆತ್ತಗಾಗುತ್ತದೆ. ಕಡಲೆಕಾಯಿ ತೀರಾ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅವರಿಗೆ ಬೇರೆ ಬಟ್ಟಲು. ಬೇರೆಯವರ ಮಕ್ಕಳಿಗೆ ಕಡಲೆಕಾಯಿ ಆಗುತ್ತದೋ ಇಲ್ಲವೋ ಅಂತ ಒಂದು ಮಾತು ಕೇಳಿಯೇ ಕೊಡಿ.

ಕೊಬ್ಬರಿ ಮಿಠಾಯಿಯನ್ನೂ ಮಕ್ಕಳ ಜೊತೆ ಮಾಡಲು ಹೋದೆ. ಬೇಡ. ಪಾಕದ ಹದ ನೋಡುವಾಗಲೇ ಒಬ್ಬರಿಗೆ ಟಾಯ್ಲೆಟ್ಟು ಬರುತ್ತದೆ.

ಆಯುಧ ಪೂಜೆಗೆ ಸೈಕಲ್ ತೊಳೆಯೋದು, ಚೆಂಡು ಹೂವಿನ ಸರ ಕಟ್ಟೋದು ಅವರದೇ. ದಪ್ಪ ಸೂಜಿ, ದಾರ, ಹೂವಿನ ಹೊಟ್ಟೆಗೆ ಚುಚ್ಚಿ ಎಳೆದರೆ ಆಯಿತು, ಗಂಟು ಹಾಕುವ ಕಟ್ಟು ಈ ವಯಸ್ಸಿಗೆ ಬರೋದಿಲ್ಲ. ಚಿಕ್ಕವಳು ತನ್ನ ಸೈಕಲ್ಲಿಗೆ, ಆಮೇಲೆ ಮಿಕ್ಸಿಗೆ, ಆಮೇಲೆ ಅಪ್ಪನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಳು. ಕೀಲಿಗಳ ಸಂದಿನಲ್ಲಿ ಇನ್ನೂ ಇದೆ.

ನಮ್ಮ ಮೇಲಿನ ಮನೆಯವರು ಧಾರವಾಡದ ಕಡೆಯವರು. ಅವರು ವಿಜಯದಶಮಿ ದಿನ ಮಕ್ಕಳಿಗೆ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಹೇಳಿಸಿದರು. ಇವರಿಬ್ಬರೂ ಆ ಮಾತು ಕಲಿತು ಇಡೀ ಬೀದಿಗೆ ಎಲೆ ಹಂಚಿ ಬಂದರು. ಎಲೆ ಮುಗಿದ ಮೇಲೆ ಹಸಿರು ಕಾಗದ ಕತ್ತರಿಸಿ ಕೊಟ್ಟರಂತೆ. ಯಾರೂ ಬೇಡ ಅನ್ನಲಿಲ್ಲವಂತೆ.

ಈಗ ಡೈನೋಸಾರಿನ ವಿಷಯ. ಹಸಿರು ಬಣ್ಣದ ಪ್ಲಾಸ್ಟಿಕ್ ಡೈನೋಸಾರು, ಒಂದು ಕಾಲು ಅಗಿದು ಹೋಗಿದೆ. ನಾಲ್ಕನೇ ದಿನಕ್ಕೆ ಸಾಸಿವೆ, ಆರನೇ ದಿನಕ್ಕೆ ರಾಗಿ ಹಸಿರಾದ ಕೂಡಲೇ ದೊಡ್ಡವನು ಬೋರ್ಡು ಕಿತ್ತು, ಜೆಸಿಬಿ ತೆಗೆದು, ಅದರ ಜಾಗದಲ್ಲಿ ಡೈನೋಸಾರನ್ನು ನಿಲ್ಲಿಸಿದ. ಜೂ ಅಂತೆ. ಅತ್ತೆ ನೋಡಿದರು. ಅವರ ಮುಖದಲ್ಲಿ ಒಪ್ಪಂದವೂ ಕಾಣುತ್ತಿತ್ತು, ಸಂಕಟವೂ ಕಾಣುತ್ತಿತ್ತು. "ದೇವರ ಮುಂದೆ ಹಲ್ಲಿ ಯಾಕೆ?" ಅಂದರು. "ಹಲ್ಲಿ ಅಲ್ಲ ಅಜ್ಜಿ, ಟಿ ರೆಕ್ಸ್" ಅಂತ ಇವನು ವಿವರಿಸಿದ, ಎಷ್ಟು ಕೋಟಿ ವರ್ಷ, ಎಷ್ಟು ಹಲ್ಲು, ಎಲ್ಲ. ಅವರು ಪೂರ್ತಿ ಕೇಳಿದರು. ಮರುದಿನ ಬೆಳಿಗ್ಗೆ ನೋಡಿದರೆ ಡೈನೋಸಾರು ಬೆಟ್ಟದ ಹಿಂದಕ್ಕೆ ಹೋಗಿತ್ತು. ಇವನು ಮತ್ತೆ ಮುಂದಕ್ಕೆ ತಂದ. ಸಂಜೆಗೆ ಅದು ಮತ್ತೆ ಹಿಂದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಹೀಗೇ ಮೂರು ದಿನ ನಡೆಯಿತು. ಬಂದ ಮಕ್ಕಳು ಮಾತ್ರ ಮೊದಲು ಕೇಳುತ್ತಿದ್ದುದು "ಡೈನೋಸಾರ್ ಎಲ್ಲಿ ಆಂಟಿ?"

2025ರಲ್ಲಿ ದಸರಾ 11 ದಿನ ಬಂದಿತ್ತಲ್ಲ, ಅಕ್ಟೋಬರ್ 2ಕ್ಕೆ ಜಂಬೂ ಸವಾರಿ. ನಮ್ಮ ರಾಗಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಕೊನೆಯ ಎರಡು ದಿನ ಉದ್ದ ಬೆಳೆದು, ಮನೆಯೊಳಗೆ ಬಿಸಿಲು ಸಾಲದೆ ಸೊರಗಿ, ತಲೆ ಬಾಗಿಸಿ ಅಡ್ಡಡ್ಡ ಬಿತ್ತು. ಒಣಗಿಸಿಡೋಣ ಅಂದ ದೊಡ್ಡವನು. ನಾನು ಏನಾದರೂ ಹೇಳೋ ಮುಂಚೆ ಅತ್ತೆ ಬಂದು, ಕತ್ತರಿ ತಗೊಂಡು, ಮೇಲೆ ಮೇಲೆ ಕತ್ತರಿಸಿ "ಪಾರ್ಕಿನ ಹುಲ್ಲು ಕತ್ತರಿಸೋದಿಲ್ವೇನೋ, ಹಾಗೆ" ಅಂದರು. ಕತ್ತರಿಸಿದ್ದನ್ನು ಡೈನೋಸಾರಿನ ಮುಂದೆ ಸಣ್ಣ ಗುಡ್ಡೆ ಹಾಕಿದರು. "ಅದು ಹುಲ್ಲು ತಿನ್ನೋದಿಲ್ಲ ಅಜ್ಜಿ" ಅಂದ. "ನವರಾತ್ರಿಯಲ್ಲಿ ತಿನ್ನುತ್ತೆ" ಅಂದರು.

ಆ ಸಂಜೆ ಟಿವಿಯಲ್ಲಿ ಜಂಬೂ ಸವಾರಿ ಮುಗಿದ ಮೇಲೆ ಮನೆಯಲ್ಲಿ ನಮ್ಮ ಸವಾರಿ. ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರು, ನಮ್ಮದು ಗೊಂಬೆ ಮೆಟ್ಟಿಲಿನಿಂದ ಬಾಲ್ಕನಿಯವರೆಗೆ. ಅಭಿಮನ್ಯು ಎರಡು ಸಲ ಬಿದ್ದ. ಮೇಲಿನ ಮನೆಯವರು ತಟ್ಟೆ ಬಡಿದು ಬ್ಯಾಂಡು ಬಾರಿಸಿದರು. ರಾತ್ರಿ ಪದ್ಧತಿಯಂತೆ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ಅತ್ತೆ ರಾಜ ರಾಣಿಯನ್ನು ಮಲಗಿಸಿ ಜರಿ ಬಟ್ಟೆ ಹೊದಿಸಿದರು. ಚಿಕ್ಕವಳು ಹೋಗಿ ಡೈನೋಸಾರನ್ನೂ ತಂದು ರಾಣಿಯ ಪಕ್ಕದಲ್ಲಿ ಮಲಗಿಸಿದಳು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅತ್ತೆ ಅದನ್ನು ಎತ್ತಿಕೊಂಡರು, ತಿರುಗಿಸಿ ನೋಡಿದರು, ಕೆಳಗಿನ ಮೆಟ್ಟಿಲ ಮೇಲೆ ಬೇರೆಯಾಗಿ ಮಲಗಿಸಿ ಒಂದು ರವಿಕೆ ತುಂಡು ಹೊದಿಸಿದರು.

ಮರುದಿನ ಗೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ತುಂಬಿದರು. ಡೈನೋಸಾರೂ ಅದರೊಳಗೇ ಹೋಯಿತು, ಶೆಟ್ಟಿ ಹೆಂಡತಿಯ ಪಕ್ಕ. ಟ್ರಂಕು ಅಟ್ಟದ ಮೇಲಿದೆ. ದೊಡ್ಡವನು ಆಗಾಗ ಕೇಳುತ್ತಾನೆ, ಆಟಕ್ಕೆ ಬೇಕು ಅಂತ. "ದಸರಾಕ್ಕೆ ಇಳಿಸ್ತೀನಿ, ಅಲ್ಲಿವರೆಗೆ ಮುಟ್ಟಬಾರದು" ಅಂತಾರೆ ಅತ್ತೆ.